ಚೋರನೂರು ಬಸ್ಸಿನ ಕೆಂಪು ಚೌಕ

ಜನವರಿ 8, 2007, ಸೋಮವಾರ

ಕಂಪನಿ ಪ್ರತಿ ವರ್ಷ ಕೊಡುವ ಈ ದಪ್ಪ ಡೈರಿ ಇಷ್ಟು ದಿನ ಅತ್ತೆಯವರ ಏಕಾದಶಿ ಗುರುತು ಹಾಕುವುದಕ್ಕೆ, ಗ್ಯಾಸ್ ಸಿಲಿಂಡರ್ ಯಾವತ್ತು ಬಂತೆಂದು ಬರೆದಿಡುವುದಕ್ಕೆ ಹೋಗುತ್ತಿತ್ತು. ಈ ಸಲ ಅತ್ತೆಯವರಿಗೆ ಕ್ಯಾಲೆಂಡರ್ ಕೊಟ್ಟು ಡೈರಿಯನ್ನು ನಾನೇ ಇಟ್ಟುಕೊಂಡೆ. ಇನ್ನು ಮೇಲೆ ಆಫೀಸಿನಲ್ಲಿ ನನ್ನದು ಅಂತ ಹೇಳಿಕೊಳ್ಳಲು ಏನೂ ಉಳಿಯುವ ಹಾಗೆ ಕಾಣುವುದಿಲ್ಲ. ಇದೊಂದಾದರೂ ಇನ್ನೊಬ್ಬರ ಕೈಗೆ ಸಿಗದಿರಲಿ.

ಒಂಬತ್ತು ವರ್ಷದಿಂದ ಈ ಗಣಿ ಕಂಪನಿಯ ಹೊಸಪೇಟೆ ಆಫೀಸಿನಲ್ಲಿ ವರದಿ ವಿಭಾಗ ಅಂದರೆ ವಾರಿಜಾ, ವಾರಿಜಾ ಅಂದರೆ ವರದಿ ವಿಭಾಗ. ನಿನ್ನೆ ಎಷ್ಟು ಅದಿರು ತೆಗೆದರು, ಎಷ್ಟು ಲಾರಿ ಗುಡ್ಡ ಇಳಿದವು, ಎಷ್ಟು ಡೀಸೆಲ್ ಸುಟ್ಟಿತು, ಎಲ್ಲವೂ ಬೆಳಿಗ್ಗೆ ನನ್ನ ಒಂದು ಹಾಳೆಯಲ್ಲಿ ಎಲ್ಲರ ಮೇಜಿಗೂ ಹೋಗುತ್ತದೆ. ನೀಲಿ ಕಂಬಗಳು, ಕೆಳಗೆ ಅಂಕಿ, ಅಡ್ಡಕ್ಕೆ ಹೋದ ತಿಂಗಳ ತೆಳ್ಳನೆಯ ಗೆರೆ. ಹಾಳೆ ನೋಡಿದರೆ ಕಣ್ಣಿಗೆ ತಂಪಾಗಬೇಕು ಅನ್ನುವುದು ನನ್ನ ನಿಯಮ.

ಇವತ್ತು ಚೆನ್ನೈಯ ಹೆಡ್ ಆಫೀಸಿನಿಂದ ಭಾರ್ಗವ್ ಎಂಬ ಎಂಜಿನಿಯರ್ ಬಂದ. ನಮ್ಮ ಊರಿನವನೇ, ಈಗ ಅಲ್ಲಿದ್ದಾನೆ. ಹೊಸ ಸಾಫ್ಟ್‌ವೇರ್ ಹಾಕಿ ಒಂದು ಪರದೆ ತೋರಿಸಿದ. ಅದಕ್ಕೆ ಡ್ಯಾಶ್‌ಬೋರ್ಡ್ ಅನ್ನುತ್ತಾರಂತೆ.

"ಮೇಡಂ, ಇನ್ನ ಮುಂದ ಮಾಹಿತಿ ಅಷ್ಟ ನೀವು ತುಂಬ್ರಿ. ಅದನ್ನ ಹೆಂಗ ನೋಡಬೇಕು ಅನ್ನೋದು ನೋಡೋರ ಆರಿಸ್ಕೊಳ್ತಾರ. ಕಂಬ ಬೇಕಾದೋರಿಗೆ ಕಂಬ, ಗೆರಿ ಬೇಕಾದೋರಿಗೆ ಗೆರಿ. ಬಣ್ಣ ಸುದ್ದಾ ಅವರ ಇಷ್ಟ."

"ಅಂದ್ರ ಅಡಿಗಿ ನಂದು, ಬಡಿಸ್ಕೊಳ್ಳೋದು ಅವರದು."

"ಹೌದ್ರಿ, ಬಫೆ ಊಟ ಇದ್ದಂಗ."

"ಬಫೆಯೊಳಗ ಹೋಳಿಗಿ ಖಾಲಿ ಆಗ್ತದ, ಪಲ್ಯ ಉಳೀತದ" ಅಂದೆ. ಅವನು ನಕ್ಕ. ನಾನು ನಗಲಿಲ್ಲ.

ಜನವರಿ 12, ಶುಕ್ರವಾರ

ಇಡೀ ವಾರ ತರಬೇತಿ. ಅಕೌಂಟ್ಸ್ ತೋಟಪ್ಪನವರು ನನ್ನ ನೀಲಿ ಕಂಬಗಳನ್ನೆಲ್ಲ ಕಿತ್ತೆಸೆದು ದುಂಡನೆಯ ಪೈ ಚಾರ್ಟ್ ಹಾಕಿಕೊಂಡರು. ಒಂದೊಂದು ಖರ್ಚಿಗೆ ಒಂದೊಂದು ಹೋಳು, ಹನ್ನೆರಡು ಹೋಳಿಗೆ ಹನ್ನೆರಡು ಬಣ್ಣ. "ನೋಡ್ರಿ ವಾರಿಜಾಬಾಯಿ, ಈಗ ಜೀವಂತ ಅನಸ್ತೈತಿ" ಅಂದರು. ಇಷ್ಟು ವರ್ಷ ಇವರು ನನ್ನ ಹಾಳೆಯನ್ನು ಸತ್ತದ್ದು ಅಂತಲೇ ನೋಡುತ್ತಿದ್ದರು ಅಂತಾಯಿತು.

ಮ್ಯಾನೇಜರ್ ಮಲ್ಲೇಶ್ ಸಾಹೇಬರು ಮುಂದಿನ ವಾರದಿಂದ ಗಣಿಯಲ್ಲೂ ಕಲಿಸಲು ಹೋಗಬೇಕು ಅಂದಿದ್ದಾರೆ. ವಾರಕ್ಕೆ ಮೂರು ದಿನ. ಸ್ಟಾಫ್ ಬಸ್ಸಿದೆ, ಚಿಂತೆ ಇಲ್ಲ.

ಜನವರಿ 22, ಸೋಮವಾರ

ಸ್ಟಾಫ್ ಬಸ್ ಚೆನ್ನಾಗಿದೆ. ಹೊಸಪೇಟೆಯಿಂದ ಸಂಡೂರು ದಾಟಿ ಯಶವಂತನಗರದ ಕ್ರಾಸು, ಅಲ್ಲಿಂದ ನಾಲ್ಕು ಕಿಲೋಮೀಟರ್ ಏರು ಹತ್ತಿದರೆ ಗಣಿ ಆಫೀಸು. ಅಷ್ಟು ದೊಡ್ಡ ಬಸ್ಸಿನಲ್ಲಿ ಏಳು ಜನ. ಅಧಿಕಾರಿಗಳೆಲ್ಲ ಈಗ ಸ್ಕಾರ್ಪಿಯೋ ಕೊಂಡಿದ್ದಾರೆ. ತೋಟಪ್ಪನವರು ಮುಂದಿನ ಸೀಟು, ನಾನು ಎಡಗಡೆಯ ಮೂರನೆಯದು. ಗಾಜು ಮುಚ್ಚಿದರೆ ಧೂಳೂ ಇಲ್ಲ, ನಿದ್ದೆಯೂ ಬರುತ್ತದೆ.

ಇವತ್ತು ಮೇಲೆ ಸಭೆ ಇತ್ತು. ಕಂಪನಿಗೆ ಐದು ಬಸ್ಸು. ಮಾರ್ಚಿನಲ್ಲಿ ಹೆಡ್ ಆಫೀಸು ಅದರಲ್ಲಿ ಒಂದನ್ನು ನಿಲ್ಲಿಸುತ್ತದಂತೆ. ಯಾವುದು ಖಾಲಿ ಓಡುತ್ತದೋ ಅದು. ಅದಿರಿನ ಬೆಲೆ ಆಕಾಶಕ್ಕೆ ಏರಿರುವಾಗ ಬಸ್ಸಿನ ಡೀಸೆಲ್‌ಗೆ ಕತ್ತರಿ ಹಾಕುವವರ ಬುದ್ಧಿಗೆ ಏನು ಹೇಳುವುದು? ಬಸ್ಸುಗಳ ಪರದೆ ಮಾಡಿಕೊಳ್ಳಬೇಕಾದವರು ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಕೆಂಚಣ್ಣ. ಮೌಸನ್ನು ಹಲ್ಲಿ ಹಿಡಿದವರ ಹಾಗೆ ಹಿಡಿಯುತ್ತಾರೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಬ್ಬಳು ರೊಟ್ಟಿ ಬಡಿಸಿದಳು. ನಾನು ಮನೆಯಿಂದ ಡಬ್ಬಿ ತಂದಿದ್ದೇನೆ ಅಂದರೂ ಕೇಳಲಿಲ್ಲ. "ಡಬ್ಬಿ ಅನ್ನ ಆರೈತವ್ವಾ, ಬಿಸಿ ರೊಟ್ಟಿ ಒಂದು ತಿನ್ನು." ತಲೆಯ ತುದಿಯಿಂದ ಸೆರಗಿನವರೆಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ತಿಂದೆ. ಅತ್ತೆಯವರಿಗೆ ಹೇಳುವುದು ಬೇಡ.

ಜನವರಿ 25, ಗುರುವಾರ

ಕೆಂಚಣ್ಣನ ಪರದೆ ತಯಾರಾಯಿತು! ಕಂಬವೂ ಬೇಡ, ಗೆರೆಯೂ ಬೇಡ ಅಂದರು. ಒಂದೊಂದು ಬಸ್ಸಿಗೆ ಒಂದು ಸಾಲು, ಒಂದೊಂದು ದಿನಕ್ಕೆ ಒಂದು ಚೌಕ. ಬಸ್ಸು ತುಂಬಿದ್ದರೆ ಕೆಂಪು, ಖಾಲಿ ಇದ್ದರೆ ಹಸಿರು.

"ಯಾಕ ಕೆಂಪು?" ಅಂತ ಕೇಳಿದೆ.

"ಕೆಂಪು ಅಂದ್ರ ಮಾಲು ಅಲ್ಲೇನ್ರಿ? ಲಾರಿ ತುಂಬಿದ್ರ ಕೆಂಪು, ರೋಡು ಕೆಂಪು, ನಮ್ಮ ಅಂಗಿ ಕೆಂಪು. ಕೆಲಸ ಐತಿ ಅಂತ ಅರ್ಥ. ಹಸರು ಯಾವಾಗ ಕಾಣತೈತಿ? ಮಳಿಗಾಲದಾಗ. ಗುಡ್ಡ ಹಸರಾತು ಅಂದ್ರ ಲಾರಿ ನಿಂತವು ಅಂತ ತಿಳೀರಿ."

ನ್ಯಾಯವಾಗಿಯೇ ಇದೆ. ಆದರೆ ಅಂಕಿಗಳನ್ನೂ ತೆಗೆಸಿಬಿಟ್ಟರು. "ಇರುವಿ ಹರದಾಡಿದಂಗ ಕಾಣತಾವ್ರಿ, ಬ್ಯಾಡ. ಬಣ್ಣ ಕಂಡ್ರ ಸಾಕು." ಅಂಕಿ ಇಲ್ಲದ ವರದಿ ಉಪ್ಪಿಲ್ಲದ ಸಾರು ಅಂದೆ. ಭಾರ್ಗವ್ ಅವರ ಕಡೆಯೇ ಮಾತಾಡಿದ, ಅವರ ಪರದೆ ಅವರ ಇಷ್ಟ ಅಂತ. ಬಾಯಿ ಮುಚ್ಚಿಕೊಂಡು ಅಂಕಿ ತೆಗೆದೆ.

ಕೂಲಿಯವರನ್ನು ತರುವ ಚೋರನೂರು ಬಸ್ಸಿನ ಸಾಲು ಉದ್ದಕ್ಕೂ ಕೆಂಪು. ನಮ್ಮ ಸ್ಟಾಫ್ ಬಸ್ ಉದ್ದಕ್ಕೂ ಹಸಿರು. ನೋಡಲು ರೇಷ್ಮೆ ಸೀರೆಯ ಅಂಚಿನ ಹಾಗಿದೆ.

ಫೆಬ್ರವರಿ 6, ಮಂಗಳವಾರ

ಭಾರ್ಗವ್ ಕಾರವಾರದ ಬಂದರಿನ ಕೆಲಸಕ್ಕೆ ಹೋದ. ಇನ್ನು ಎಲ್ಲರಿಗೂ ನಾನೇ ಗುರು.

ಕೆಂಚಣ್ಣನ ಬಣ್ಣ ಹಬ್ಬಿಬಿಟ್ಟಿದೆ. ಲಾರಿ ತೂಗುವ ವೇಬ್ರಿಡ್ಜಿನವರಿಗೂ ಅದೇ ಬೇಕು, ಲೋಡಿಂಗಿನವರಿಗೂ ಅದೇ ಬೇಕು. ಒಬ್ಬೊಬ್ಬರಿಗೂ ಬೇರೆಬೇರೆ ಕೂರಿಸುವುದು ಯಾರಪ್ಪನಿಂದ ಸಾಧ್ಯ ಅಂತ, ಬಣ್ಣದ ಪಟ್ಟಿಯಲ್ಲಿ ಅದನ್ನೇ ಮೊದಲಿಗೆ ಇಟ್ಟು "ಗಣಿ ಬಣ್ಣ" ಅಂತ ಹೆಸರು ಕೊಟ್ಟೆ. ಒತ್ತಿದರೆ ಆಯಿತು. ಮಲ್ಲೇಶ್ ಸಾಹೇಬರೂ ಒತ್ತಿಕೊಂಡರು. ಪ್ರತಿ ಶನಿವಾರ ಎಲ್ಲರ ಪರದೆಯ ಚಿತ್ರ ತಾನಾಗಿಯೇ ಹೆಡ್ ಆಫೀಸಿಗೆ ಹೋಗುತ್ತದೆ. ಅಲ್ಲಿಯವರೂ ನೋಡಿ ಕಲಿಯಲಿ.

ಫೆಬ್ರವರಿ 13, ಮಂಗಳವಾರ

ಸ್ಟೋರ್ಸಿನ ಎರ್ರಿಯಪ್ಪನವರದು ಒಂದು ವಿಚಿತ್ರ. ಅವರಿಗೆ ವಾರ ಮಂಗಳವಾರ ಶುರುವಾಗಬೇಕಂತೆ. ಡೀಸೆಲ್ ಟ್ಯಾಂಕರ್ ಬರುವುದು ಮಂಗಳವಾರ. ಟ್ಯಾಂಕು ತುಂಬಿದ ದಿನದಿಂದ ಬರಿದಾಗುವ ದಿನದವರೆಗೆ ಒಂದೇ ಗೆರೆ ಇಳಿಯುತ್ತ ಬರಬೇಕು. ನನ್ನ ಹಾಳೆಯಲ್ಲಿ ವಾರ ಸೋಮವಾರ ಶುರುವಾಗುವುದರಿಂದ ಆ ಗೆರೆ ನಡುವೆ ಮುರಿಯುತ್ತಿತ್ತು.

"ಮತ್ತೆ ಇಷ್ಟು ವರ್ಷ ಏನು ಮಾಡ್ತಿದ್ರಿ?"

"ಎರಡು ವಾರದ ಹಾಳಿ ಮಡಚಿ, ಒಂದಕ್ಕೊಂದು ಹಚ್ಚಿ ಗೋಡೆಗೆ ಅಂಟಿಸ್ತಿದ್ದೆ."

"ನನಗ ಹೇಳಬೇಕಿಲ್ಲೋ?"

"ನೀವು ಭಾಳ ಚೆಂದ ಮಾಡಿ ಕಳಸ್ತಿದ್ರಿ. ಹೇಳಾಕ ಮನಸ್ಸು ಬರಲಿಲ್ಲರಿ."

ಮಂಗಳವಾರಕ್ಕೆ ಬದಲಿಸಿಕೊಟ್ಟೆ. ಗೆರೆ ಮೇಲಿಂದ ಕೆಳಕ್ಕೆ ಒಂದೇ ಸಮ ಇಳಿಯಿತು. ಎರ್ರಿಯಪ್ಪ ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ನಾನೂ ಕೂತೆ.

ಫೆಬ್ರವರಿ 20, ಮಂಗಳವಾರ

ಕ್ಯಾಂಟೀನಿನವಳ ಹೆಸರು ಉಚ್ಚೆಂಗಮ್ಮ. ಚೋರನೂರಿನವಳು. ಆ ಬಸ್ಸಿನ ತುಂಬ ಹೆಣ್ಣುಮಕ್ಕಳೇ, ಅದಿರು ಆರಿಸುವವರು, ನರ್ಸರಿಯಲ್ಲಿ ಸಸಿಗೆ ನೀರು ಹಾಕುವವರು. "ಕುಂದ್ರಾಕ ಜಾಗ ಸಿಗಬೇಕಂದ್ರ ಪುಣ್ಯ ಮಾಡಿರಬೇಕವ್ವಾ" ಅಂದಳು. ಬಸ್ಸಿಲ್ಲದಿದ್ದರೆ? "ಬಸ್ಸಿಲ್ದಿದ್ರ ಲಾರಿ. ಲಾರಿ ಹತ್ತಾಕ ನಮ್ಮ ಮನಿಯೋರು ಬಿಡಂಗಿಲ್ಲ. ಮನ್ಯಾಗ ಕುಂತಂಗ."

ನನ್ನ ಸೀರೆ ನೆನೆಸಿದ ಬಕೀಟು ನೋಡಿ ಅತ್ತೆಯವರು "ಇದೇನು ಓಕುಳಿ ಆಡಿ ಬಂದ್ಯಾ?" ಅಂದರು. ಗಾಜು ಮುಚ್ಚಿದ ಬಸ್ಸಿನಲ್ಲಿ ಬಂದರೂ ಇಷ್ಟು.

ಮಾರ್ಚ್ 1, ಗುರುವಾರ

ಹೆಡ್ ಆಫೀಸಿನ ಆರ್ಡರ್ ಬಂತು. ಸೋಮವಾರದಿಂದ ಚೋರನೂರು ಬಸ್ ರದ್ದು.

ಕಾರಣವನ್ನು ಎರಡು ಸಲ ಓದಿದೆ. "ಜನವರಿಯಿಂದ ಸತತ ಕೆಂಪು ಸ್ಥಿತಿಯಲ್ಲಿದೆ." ಸ್ಟಾಫ್ ಬಸ್ಸಿನ ಬಗ್ಗೆ ಹೊಗಳಿಕೆ ಬೇರೆ, ಸತತ ಹಸಿರು, ಉತ್ತಮ ನಿರ್ವಹಣೆ ಅಂತ. ಚೆನ್ನೈಗೆ ಫೋನ್ ಮಾಡಿದೆ. ತೆಗೆದುಕೊಂಡವನು ಚಿಕ್ಕ ವಯಸ್ಸಿನವನು. ನಮ್ಮಲ್ಲಿ ಕೆಂಪು ಅಂದರೆ ಬಸ್ಸು ತುಂಬಿದೆ ಅಂತ ಅರ್ಥ ಅಂದೆ. ಅವನಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತು. ಕೆಂಪು ಎಲ್ಲ ಕಡೆಯೂ ಅಪಾಯವೇ ಅಲ್ಲವೇ ಮೇಡಂ, ಡೈರೆಕ್ಟರ್ ಸಹಿ ಆಗಿದೆ, ಇನ್ನು ಅವರೇ ಬದಲಿಸಬೇಕು ಅಂದ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರು ರೈಲ್ವೆಯಲ್ಲಿ ಗಾರ್ಡು. ಕೈಯ ತುತ್ತು ಕೈಯಲ್ಲೇ ನಿಂತಿತು.

"ಇಪ್ಪತ್ತಾರು ವರ್ಷದಿಂದ ಕೈಯಾಗ ಕೆಂಪು ಬಾವುಟ ಒಂದು, ಹಸರು ಬಾವುಟ ಒಂದು ಹಿಡದು ನಿಂತೀನಿ. ಅವನ್ನ ಒಗದು ಹಾಕೋಳು ನೀನ. ಒಂದು ಮಾತು ಕೇಳಬಾರದೇನ?"

ನಿಜ. ಅವೆರಡು ಬಾವುಟ ಹೋದ ಭಾನುವಾರವೂ ನಮ್ಮ ತಂತಿಯ ಮೇಲೆಯೇ ಒಣಗುತ್ತಿದ್ದವು. ನನ್ನೊಬ್ಬಳಿಗಲ್ಲ, ಇಡೀ ಗಣಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಲ್ಲಿ ಕೆಂಪು ಅಂದರೆ ಯಾರು ನಿಲ್ಲುತ್ತಾರೆ?

ಮಾರ್ಚ್ 2, ಶುಕ್ರವಾರ

ಮಲ್ಲೇಶ್ ಸಾಹೇಬರ ಹತ್ತಿರ ಹೋದೆ. ಅವರಿಗೂ ಗೊತ್ತಾಗಿದೆ. ಬಾಗಿಲು ಮುಂದೆ ಮಾಡಿ ಕೂರಿಸಿದರು.

"ನೋಡ್ರಿ, ಹದಿನಾಲ್ಕಕ್ಕ ಡೈರೆಕ್ಟರ್ ಬರಾಕತ್ಯಾರ. ಈಗ ಹೋಗಿ, ನಾವು ಬಣ್ಣ ಉಲ್ಟಾ ಹಾಕಿದ್ವಿ ಅಂತ ಹೇಳಿದ್ರ ಬ್ರ್ಯಾಂಚಿನ ಮರ್ಯಾದಿ ಏನು? ಮೂರು ತಿಂಗಳು ತಡೀರಿ. ಮುಂದಿನ ಲೆಕ್ಕದಾಗ ಸರಿ ಮಾಡೋಣ."

"ಆ ಹೆಣ್ಣುಮಕ್ಕಳು?"

"ಏನೋ ಒಂದು ಮಾಡ್ಕೊಂತಾರ. ನಿಜ ಹೇಳಿದ್ರಿ ಅಂತ ಇಟ್ಕೊಳ್ರಿ. ಹೋಗೋ ಬಸ್ಸು ಯಾವುದು? ನಿಮ್ಮದ. ಗೊತ್ತಾತಲ್ಲ?"

ಗೊತ್ತಾಯಿತು. ಐದರಲ್ಲಿ ಒಂದು ಹೋಗಲೇಬೇಕು. ಸಂಜೆ ಸ್ಟಾಫ್ ಬಸ್ಸಿನಲ್ಲಿ ತೋಟಪ್ಪನವರು ಎಲ್ಲರಿಗೂ ಖಾರದ ಮಂಡಕ್ಕಿ ಹಂಚಿದರು, ನಮ್ಮ ಬಸ್ಸು ಉಳಿಯಿತು ಅಂತ. ನಾನೂ ಒಂದು ಮುಷ್ಟಿ ತಿಂದೆ.

ಮೂರು ತಿಂಗಳು ಅಂದರೆ ಬೇಗ ಹೋಗುತ್ತದೆ.

ಮಾರ್ಚ್ 6, ಮಂಗಳವಾರ

ಕ್ಯಾಂಟೀನಿನಲ್ಲಿ ರೊಟ್ಟಿ ಇರಲಿಲ್ಲ. ಡಬ್ಬಿ ಅನ್ನ ತಿಂದೆ. ಆರಿತ್ತು.

ಮಾರ್ಚ್ 8, ಗುರುವಾರ

ಉಚ್ಚೆಂಗಮ್ಮ ಬಂದಿದ್ದಳು. ಎಡಗೈಗೆ ಪ್ಲಾಸ್ಟರು.

ನಿನ್ನೆ ಬೆಳಿಗ್ಗೆ ಮೂವರು ಸೇರಿ ಖಾಲಿ ಲಾರಿಯೊಂದಕ್ಕೆ ಕೈ ತೋರಿಸಿ ಹತ್ತಿದರಂತೆ. ಕ್ರಾಸಿನಲ್ಲಿ ಇವಳು ಇಳಿಯುವಷ್ಟರಲ್ಲಿ ಹಿಂದಿನ ಲಾರಿ ಹಾರ್ನ್ ಹೊಡೆಯಿತು, ಇವರ ಡ್ರೈವರ್ ಗಾಡಿ ಮುಂದಕ್ಕೆ ಬಿಟ್ಟ. ಅಂಗೈ ಊರಿ ಬಿದ್ದಿದ್ದಾಳೆ. ಮಣಿಕಟ್ಟು ಮುರಿದಿದೆ. ಸಂಡೂರಿನಲ್ಲಿ ಕಟ್ಟಿಸಿಕೊಂಡು ಇವತ್ತು ಮತ್ತೆ ಲಾರಿ ಹತ್ತಿಯೇ ಬಂದಿದ್ದಾಳೆ. ರಜೆ ಹಾಕಿದರೆ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ. ಮನೆಯವರು ಬೈದರಂತೆ, "ಬೈಲಿ ಬಿಡವ್ವಾ, ಬೈದ್ರ ಹೊಟ್ಟಿ ತುಂಬತೈತೇನು" ಅಂದಳು. ಒಂದೇ ಕೈಯಲ್ಲಿ ಹಿಟ್ಟು ನಾದುತ್ತಿದ್ದಳು.

ಆಮೇಲೆ ನನ್ನ ಮುಂದೆ ತಟ್ಟೆ ಇಟ್ಟು ಕೇಳಿದಳು. "ಅವ್ವಾ, ನೀನು ಕಂಪ್ಯೂಟರಿನೋಳು. ನಿನಗ ಗೊತ್ತಿರತೈತಿ. ನಮ್ಮ ಬಸ್ಸಿನ್ಯಾಗ ಕಾಲಿಡಾಕ ಜಾಗ ಇರತಿದ್ದಿಲ್ಲ. ಅದನ್ನ ಯಾಕ ನಿಲ್ಲಿಸಿದ್ರು?"

"ಕಂಪ್ಯೂಟರಿನೊಳಗ ಏನೋ ತಪ್ಪಾಗ್ಯದವ್ವಾ" ಅಂದೆ.

"ಅದಕ್ಕ ಬಸ್ಸು ಕಾಣಂಗಿಲ್ಲೇನು?"

ನನ್ನ ಮೇಲೆ ನನಗೇ ಸಿಟ್ಟು ಬಂತು, ಮಲ್ಲೇಶ್ ಸಾಹೇಬರ ಮೇಲೆ ಬಂತು, ಚೆನ್ನೈಯ ಆ ಹುಡುಗನ ಮೇಲೂ ಬಂತು. ಯಾವ ಸಿಟ್ಟಿನಿಂದಲೂ ಅವಳ ಕೈ ಕೂಡುವುದಿಲ್ಲ. ವಾಪಸ್ಸು ಬರುವಾಗ ಸ್ಟಾಫ್ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಕ್ರಾಸಿನ ತನಕ ಖಾಲಿ ಸೀಟುಗಳನ್ನೇ ನೋಡುತ್ತ ಬಂದೆ.

ಮಾರ್ಚ್ 12, ಸೋಮವಾರ

ಮಲ್ಲೇಶ್ ಸಾಹೇಬರು ಕರೆದರು. ಡೈರೆಕ್ಟರ್ ಬರುವುದರೊಳಗೆ ಎಲ್ಲರ ಪರದೆಗೂ ಬೀಗ ಹಾಕಿಬಿಡಿ ಅಂದರು. ಯಾರೂ ಬಣ್ಣ ಬದಲಿಸುವ ಹಾಗಿಲ್ಲ, ಗೆರೆ ಬದಲಿಸುವ ಹಾಗಿಲ್ಲ. ಮೊದಲಿನ ಹಾಗೆ ಎಲ್ಲರಿಗೂ ಒಂದೇ ವರದಿ, ಮಾಡುವವಳು ನಾನು. "ನಿಮಗ ಬೇಕಾಗಿದ್ದೂ ಇದ ಅಲ್ಲೇನ್ರಿ? ನಿಮ್ಮ ರಾಜ್ಯ ನಿಮಗ ವಾಪಸ್ಸು ಕೊಟ್ಟೆ ತೊಗೊಳ್ರಿ."

ಆಗುವುದಿಲ್ಲ ಅಂದೆ. ಬೀಗ ಹಾಕಿದರೆ ಎರ್ರಿಯಪ್ಪನವರ ಮಂಗಳವಾರ ಏನಾಗಬೇಕು?

ಅವರು ನನ್ನ ಮುಖ ನೋಡಿದರು. ಎರ್ರಿಯಪ್ಪ ಯಾರು ಅಂತ ಅವರಿಗೆ ತಕ್ಷಣ ನೆನಪಾಗಲಿಲ್ಲ ಅಂತ ಕಾಣುತ್ತದೆ.

ಮಾರ್ಚ್ 14, ಬುಧವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಡೈರೆಕ್ಟರ್ ಸಾಹೇಬರು ಹನ್ನೊಂದಕ್ಕೆ ಗಣಿ ಆಫೀಸಿಗೆ ಬಂದರು. ಬಿಳಿ ಅಂಗಿ, ಇಂಗ್ಲಿಷ್ ಮಾತು, ಸಂಭಾವಿತ ಮನುಷ್ಯ. ಒಬ್ಬೊಬ್ಬರೂ ತಮ್ಮ ತಮ್ಮ ಪರದೆ ತೋರಿಸಬೇಕಿತ್ತು. ತೋಟಪ್ಪನವರ ಹನ್ನೆರಡು ಹೋಳು ನೋಡಿ ನಕ್ಕರು. ಎರ್ರಿಯಪ್ಪನವರ ಇಳಿಯುವ ಗೆರೆ ನೋಡಿ ತಲೆದೂಗಿದರು. ಆಮೇಲೆ ಕೆಂಚಣ್ಣನ ಸರದಿ ಬಂತು. ಚೋರನೂರು ಬಸ್ಸಿನ ಸಾಲು ನಾಲ್ಕನೆಯ ತಾರೀಖಿನವರೆಗೆ ಕೆಂಪು, ಅಲ್ಲಿಂದ ಈಚೆ ಬಿಳಿ.

ನಾನು ಎದ್ದು ನಿಂತೆ. ಮಲ್ಲೇಶ್ ಸಾಹೇಬರು ಕಣ್ಣಿನಲ್ಲೇ ಕೂತುಕೊಳ್ಳಿ ಅಂದರು. ಕೂತುಕೊಳ್ಳಲಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಹೇಳಿದೆ. ಈ ಪರದೆಯಲ್ಲಿ ಕೆಂಪು ಅಂದರೆ ತುಂಬಿದ ಬಸ್ಸು, ನೀವು ನಿಲ್ಲಿಸಿದ್ದು ತುಂಬಿದ ಬಸ್ಸನ್ನು ಅಂತ.

ಹೀಗೆ ಉಲ್ಟಾ ಬಣ್ಣ ಹಾಕಿದವರು ಯಾರು ಅಂತ ಡೈರೆಕ್ಟರ್ ಕೇಳಿದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಕೆಂಚಣ್ಣನಿಗೆ ಅರ್ಥವಾಗಿಬಿಟ್ಟಿತು. ಕೈ ಮುಗಿದು ನಿಂತರು. ದೊಡ್ಡ ದನಿಯ ಆ ಮನುಷ್ಯನ ದನಿ ಉಡುಗಿಹೋಗಿತ್ತು.

"ತಪ್ಪಾತ್ರಿ ಸಾಹೇಬ್ರ. ಈಗಿಂದೀಗ ಬದಲಿ ಮಾಡ್ತೀನ್ರಿ. ತುಂಬಿದ್ದಕ್ಕ ಹಸರು ಹಾಕ್ತೀನ್ರಿ."

ಮೌಸಿಗೆ ಕೈ ಹಾಕಿದರು. "ಬ್ಯಾಡ್ರಿ ಕೆಂಚಣ್ಣ, ಮುಟ್ಟಬ್ಯಾಡ್ರಿ" ಅಂದೆ. ನನ್ನ ದನಿ ಜೋರಾಯಿತು, ನನಗೇ ಗೊತ್ತಾಯಿತು. ಡೈರೆಕ್ಟರ್ ಕಡೆ ತಿರುಗಿ ಹೇಳಿದೆ. ಈ ಬಣ್ಣ ಇವರಿಗೆ ಮಾತ್ರವಲ್ಲ, ಈ ಗುಡ್ಡದಲ್ಲಿ ಎಲ್ಲರಿಗೂ ಸರಿಯಾಗಿಯೇ ಕಂಡಿತು. ಎಲ್ಲರಿಗೂ ಸುಲಭವಾಗಲಿ ಅಂತ ಪಟ್ಟಿಯಲ್ಲಿ ಮೊದಲು ಇಟ್ಟವಳು ನಾನು. ನೋಡುವವರು ತಮ್ಮ ಕಣ್ಣಿಗೆ ತಕ್ಕ ಹಾಗೆ ಮಾಡಿಕೊಳ್ಳಿ ಅಂತ ಹೇಳಿದವರು ನೀವೇ. ಆದರೆ ಒಬ್ಬರ ಕಣ್ಣಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಕಳಿಸುವಾಗ ಅದರ ಅರ್ಥ ಬರೆದು ಕಳಿಸಬೇಕು ಅಂತ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ನೀವೇ ಕೂತು ಅಂಕಿ ಹಾಕಿ ನೋಡಿ.

ಡೈರೆಕ್ಟರ್ ಕೂತರು. ಎಲ್ಲಿ ಒತ್ತಬೇಕು ಅಂತ ತೋರಿಸಿದೆ. ಚೌಕಗಳ ಒಳಗೆ ಅಂಕಿಗಳು ಮೂಡಿದವು. ಚೋರನೂರು ಬಸ್ಸಿನದು ಐವತ್ತೆರಡು ಸೀಟು. ಅದರಲ್ಲಿ 61, 60, 61, 61. ಸ್ಟಾಫ್ ಬಸ್ಸಿನಲ್ಲಿ 7, 7, 6, 7.

ಈ ಏಳು ಜನ ಯಾರು ಅಂತ ಕೇಳಿದರು.

"ನಾನೂ ಒಬ್ಬಳು" ಅಂದೆ. ಹಿಂದಿನಿಂದ ತೋಟಪ್ಪನವರು ಕೆಮ್ಮಿದರು.

ನಡುವೆ ಚಹಾ ಬಂತು. ತಂದವಳು ಉಚ್ಚೆಂಗಮ್ಮ, ಟ್ರೇಯನ್ನು ಪ್ಲಾಸ್ಟರಿನ ಕೈ ಮೇಲೆ ಇಟ್ಟುಕೊಂಡು. ಅವಳನ್ನು ನಾನೇನೂ ಕರೆಸಿರಲಿಲ್ಲ. ಕೈಗೆ ಏನಾಯಿತು ಅಂತ ಡೈರೆಕ್ಟರ್ ಕೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಚಹಾ ಕುಡಿಯದೆ ಕಪ್ ಕೆಳಗಿಟ್ಟರು.

ಒಂದು ಬಸ್ಸು ಹೋಗಲೇಬೇಕು, ಆ ಮಾತು ಬದಲಾಗುವುದಿಲ್ಲ ಅಂದರು. ಚೋರನೂರು ಬಸ್ಸು ಸೋಮವಾರದಿಂದ ಮತ್ತೆ ಓಡಲಿ, ಸ್ಟಾಫ್ ಬಸ್ಸು ನಿಲ್ಲಲಿ. ಪರದೆಗಳಿಗೆ ಬೀಗ ಬೇಡ. ಹೊರಗೆ ಹೋಗುವ ಚಿತ್ರದ ಕೆಳಗೆ ಬಣ್ಣದ ಅರ್ಥ ಮಾತಿನಲ್ಲಿ, ಚೌಕದ ಒಳಗೆ ಅಂಕಿ, ಇವೆರಡು ಕಡ್ಡಾಯ. ಸಂಜೆ ಕಾರು ಹತ್ತುವಾಗ ಅವರ ಬಿಳಿ ಅಂಗಿಯ ಕಾಲರು ನಮ್ಮೆಲ್ಲರ ಬಟ್ಟೆಯ ಹಾಗೆಯೇ ಕೆಂಪಾಗಿತ್ತು. ಕೆಂಚಣ್ಣ ನನಗೆ ಅದನ್ನು ಕಣ್ಣಲ್ಲೇ ತೋರಿಸಿದರು. ಅಷ್ಟು ಹೊತ್ತಿಗೆ ಅವರ ದನಿ ವಾಪಸ್ಸು ಬಂದಿತ್ತು.

ಮಾರ್ಚ್ 15, ಗುರುವಾರ

ತೋಟಪ್ಪನವರು ಮಾತು ಬಿಟ್ಟಿದ್ದಾರೆ. ಮಲ್ಲೇಶ್ ಸಾಹೇಬರು ಬಿಟ್ಟಿಲ್ಲ, "ನಿಮ್ಮ ಕಾಲ ಮ್ಯಾಲ ನೀವ ಕಲ್ಲು ಹಾಕ್ಕೊಂಡ್ರಿ" ಅಂದರು. ಕಲಿಸುವ ಕೆಲಸವೇನೋ ಮುಗಿಯಿತು, ಇನ್ನು ಗಣಿಗೆ ಹೋಗುವುದು ಬೇಡ, ಇಲ್ಲಿಯೇ ಇರಿ ಅಂತಲೂ ಅಂದರು.

ಇನ್ನೂ ಮುಗಿದಿಲ್ಲ ಅಂದೆ. ನರ್ಸರಿಯವರ ಪರದೆ ಬಾಕಿ ಇದೆ. ಅವರಿಗೆ ಏನು ಬೇಕು ಅಂತ ಯಾರೂ ಕೇಳಿಲ್ಲ.

ಮಾರ್ಚ್ 26, ಸೋಮವಾರ

ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಹೊರಟು ಯಶವಂತನಗರದ ಕ್ರಾಸಿನಲ್ಲಿ ಇಳಿದೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ. ಲಾರಿಗಳು ಮುಗಿಯುವುದೇ ಇಲ್ಲ. ನರ್ಸರಿಯ ಕೆಲಸಕ್ಕೆ ಒಪ್ಪಿದ ಮೇಲೆ ಹಿಂದಿನ ವಾರ ಮೂರು ದಿನವೂ ಮಲ್ಲೇಶ್ ಸಾಹೇಬರೇ ಸ್ಕಾರ್ಪಿಯೋದಲ್ಲಿ ಬನ್ನಿ ಅಂದಿದ್ದರು, ಬಂದಿದ್ದೆ. ಇವತ್ತು ಬೇಡ ಅನ್ನಿಸಿತು.

ಚೋರನೂರು ಬಸ್ಸು ಬಂತು. ಬಾಗಿಲಲ್ಲೇ ನಾಲ್ಕು ಜನ. ನನ್ನ ಸೀರೆ, ಚೀಲ ನೋಡಿ ಒಬ್ಬಳು "ಇದು ಕಂಪನಿ ಬಸ್ಸವ್ವಾ, ಸಂಡೂರಿನದು ಹಿಂದ ಬರತೈತಿ" ಅಂದಳು. ಒಳಗಿನಿಂದ ಉಚ್ಚೆಂಗಮ್ಮನ ದನಿ ಕೇಳಿತು. "ಲೇ, ಆಕಿನ್ನ ಬಿಡ್ರಲೇ ಒಳಗ! ನಮ್ಮ ಕಂಪ್ಯೂಟರವ್ವ ಆಕಿ."

ಹತ್ತಿದೆ. ಕೂರಲು ಜಾಗ ಕೊಡಲು ಯಾರೋ ಎದ್ದರು, ಬೇಡ ಅಂದೆ. ಉಚ್ಚೆಂಗಮ್ಮ ಚೀಲ ಕಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು, ಪ್ಲಾಸ್ಟರಿನ ಕೈಯನ್ನು ಅದರ ಮೇಲೆ ಒರಗಿಸಿಕೊಂಡಳು. ಕಿಟಕಿಗಳಿಗೆ ಗಾಜೇ ಇಲ್ಲ. ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ಎಡಕ್ಕೆ ವಾಲಿದೆವು, ಒಟ್ಟಿಗೆ ಬಲಕ್ಕೆ ವಾಲಿದೆವು. ಒಬ್ಬಳು ನನ್ನ ಕಾಲು ತುಳಿದಳು, ನಾನು ಇನ್ನೊಬ್ಬಳದು ತುಳಿದೆ.

ಮಧ್ಯಾಹ್ನ ಭಾರ್ಗವ್ ಕಾರವಾರದಿಂದ ಫೋನ್ ಮಾಡಿದ್ದ. ಎಲ್ಲ ಕೇಳಿಕೊಂಡು ಕೊನೆಗೆ, "ಮೇಡಂ, ಎಲ್ಲರ ಪರದೆ ನಾ ಇಲ್ಲಿಂದ ನೋಡ್ತೀನಿ. ನಿಮ್ಮ ಹೆಸರಿನಾಗಷ್ಟ ಏನೂ ಇಲ್ಲ. ಖಾಲಿ ಅದ" ಅಂದ. ಹೌದಲ್ಲ! ಇಷ್ಟು ಜನಕ್ಕೆ ಮಾಡಿಕೊಟ್ಟು ನನ್ನದನ್ನು ಮಾಡಿಕೊಳ್ಳಲು ಮರೆತೇ ಹೋಗಿತ್ತು.

ಸಂಜೆ ಹೊರಡುವ ಮುಂಚೆ ಕೂತೆ. ನೀಲಿ ಕಂಬ ಹಾಕಿದೆ, ತೆಗೆದೆ. ಡೀಸೆಲ್ ಹಾಕಿದೆ, ತೆಗೆದೆ. ಕೊನೆಗೆ ಒಂದೇ ಒಂದು ಚೌಕ ಇಟ್ಟುಕೊಂಡೆ. ಚೋರನೂರು ಬಸ್, ಇಂದು. ಗಣಿ ಬಣ್ಣ ಒತ್ತಿದೆ. ಕೆಂಪಾಗಿ ತುಂಬಿಕೊಂಡಿತು. ಕೆಳಗೆ "ಕೆಂಪು ಅಂದರೆ ತುಂಬಿದೆ" ಅಂತ ಬರೆದೆ. ಅಂಕಿ ಹಾಕಿದೆ.

62 ಅಂತ ಬಂತು. ಕೆಂಚಣ್ಣ ಎಲ್ಲೋ ಎಣಿಕೆ ತಪ್ಪಿದರು, ಯಾವತ್ತೂ ಅರವತ್ತೊಂದಲ್ಲವೇ ಅಂದುಕೊಂಡೆ. ಫೋನ್ ಮಾಡಿ ಕೇಳಿದೆ.

"ಸರಿಯಾಗೇ ಐತ್ರಿ ಮೇಡಂ" ಅಂದರು. "ಇವತ್ತು ನಿಮ್ಮನ್ನೂ ಎಣಿಸೀನಿ."